ಬೀದಿಯ ಮರಿ ಮನೆಗೆ ಬಂದಾಗ: ಮೊದಲ ದಿನದಿಂದ ಮೊದಲ ದೀಪಾವಳಿವರೆಗೆ

ನಮ್ಮ ಕಡೆ ಬೀದಿ ನಾಯಿಗಳು ಮರಿ ಹಾಕುವುದು ಹೆಚ್ಚಾಗಿ ಚಳಿಗಾಲದಲ್ಲಿ. ಸಂಕ್ರಾಂತಿ ಹೊತ್ತಿಗೆ ಯಾವ ಖಾಲಿ ಸೈಟು ನೋಡಿದರೂ ನಾಲ್ಕೈದು ಮರಿಗಳು ಒಂದರ ಮೇಲೊಂದು ಬಿದ್ದುಕೊಂಡು ಮಲಗಿರುತ್ತವೆ. ಶಿವರಾತ್ರಿ ಬರುವಷ್ಟರಲ್ಲಿ ಅದರಲ್ಲಿ ಒಂದೋ ಎರಡೋ ಉಳಿದಿರುತ್ತವೆ. ನಮ್ಮ ಕೆಂಚಿ ಹಾಗೆ ಉಳಿದವಳು. ಮೈಸೂರಿನಲ್ಲಿ ನಮ್ಮ ಮನೆ ಎದುರು ಯಾರೋ ಮನೆ ಕಟ್ಟಲು ಸುರಿಸಿದ್ದ ಮರಳಿನ ರಾಶಿ ಮೇಲೆ ಒಬ್ಬಳೇ ಮಲಗಿರುತ್ತಿದ್ದಳು. ಜೊತೆಗಿದ್ದ ಎರಡು ಗಂಡು ಮರಿಗಳನ್ನು ಯಾರೋ ತೆಗೆದುಕೊಂಡು ಹೋಗಿದ್ದರು. ಹೆಣ್ಣು ಅಂತ ಇವಳನ್ನು ಬಿಟ್ಟಿದ್ದರು.

ಹೀಗೆ ಒಂದು ಮರಿಯನ್ನು ಮನೆಗೆ ತರೋಣ ಅಂತ ಮನಸ್ಸು ಮಾಡಿದವರಿಗೆ, ಅಥವಾ ತಂದು ಎರಡನೇ ವಾರಕ್ಕೇ ಕೈ ಸೋತು ಕೂತವರಿಗೆ ಇದನ್ನು ಬರೆಯುತ್ತಿದ್ದೇನೆ. ಮೊದಲ ವರ್ಷ ಕಷ್ಟ ಇದೆ. ಆದರೆ ಹೆಚ್ಚಿನ ಕಷ್ಟಗಳಿಗೆ ಬೇರು ಒಂದೇ. ನಾಯಿ ತನಗೆ ಏನಾದರೂ ಸಿಕ್ಕ ಕೆಲಸವನ್ನು ಮತ್ತೆ ಮಾಡುತ್ತದೆ, ಏನೂ ಸಿಗದ ಕೆಲಸವನ್ನು ನಿಧಾನವಾಗಿ ಬಿಡುತ್ತದೆ. ಕೆಂಚಿ ಏನಾದರೂ ತೊಂದರೆ ಮಾಡಿದಾಗ ಬೈಯುವ ಮೊದಲು ನಾನು ಕೇಳಿಕೊಳ್ಳುವ ಪ್ರಶ್ನೆ ಇದು: ಇದರಿಂದ ಇವಳಿಗೆ ಏನು ಸಿಕ್ಕಿತು? ಮುಂದೆ ಬರುವ ಎಲ್ಲ ಹೆಜ್ಜೆಗಳಲ್ಲೂ ಈ ಪ್ರಶ್ನೆ ನಿಮ್ಮ ಜೊತೆ ಇರಲಿ.

ತರುವ ಮೊದಲು ಮನೆಯವರನ್ನೆಲ್ಲ ಕೂರಿಸಿ

ಮರಿಗೆ ಎಂಟು ವಾರ ಆಗುವವರೆಗೆ ತಾಯಿ ಹತ್ತಿರ, ಒಡಹುಟ್ಟಿದವುಗಳ ಹತ್ತಿರ ಇರಲು ಬಿಡಿ. ಎಷ್ಟು ಜೋರಾಗಿ ಕಚ್ಚಿದರೆ ನೋವಾಗುತ್ತದೆ ಅನ್ನುವುದನ್ನು ಅವು ಅಲ್ಲೇ, ಒಂದನ್ನೊಂದು ಕಚ್ಚಿಕೊಂಡೇ ಕಲಿಯುತ್ತವೆ. ತಾಯಿ ಇಲ್ಲದ ಮರಿಯಾದರೆ ಕಾಯುವ ಮಾತಿಲ್ಲ, ತಕ್ಷಣ ತನ್ನಿ.

ಬಾಡಿಗೆ ಮನೆಯಾದರೆ ಮಾಲೀಕರಿಗೆ ಮೊದಲೇ ಹೇಳಿ. ಬಚ್ಚಿಟ್ಟು ಸಾಕಲು ಆಗುವುದಿಲ್ಲ, ಮೊದಲ ರಾತ್ರಿಯೇ ಇಡೀ ಬೀದಿಗೆ ಗೊತ್ತಾಗುತ್ತದೆ. ಮನೆಯೊಳಗಿನ ಒಪ್ಪಂದ ಇನ್ನೂ ಮುಖ್ಯ. ಅಡುಗೆಮನೆಗೆ ಬಿಡುತ್ತೇವಾ? ಮಂಚದ ಮೇಲೆ? ಊಟ ಮಾಡುವಾಗ ತಟ್ಟೆಯಿಂದ ತುತ್ತು ಕೊಡುತ್ತೇವಾ? ಯಾವ ಉತ್ತರವಾದರೂ ಸರಿ, ಎಲ್ಲರದ್ದೂ ಒಂದೇ ಉತ್ತರ ಆಗಿರಬೇಕು. ನಾಲ್ಕು ಜನ ಕೊಡದೆ ಒಬ್ಬರು ಮಾತ್ರ ದೋಸೆ ಚೂರು ಕೊಟ್ಟರೆ, ನಾಯಿ ಐದೂ ಜನರ ತಟ್ಟೆ ಮುಂದೆ ಕೂತು ಅಳುತ್ತದೆ. ಯಾವತ್ತೋ ಒಂದು ಸಲ ಸಿಗುತ್ತದೆ ಅನ್ನುವ ಆಸೆ, ಯಾವಾಗಲೂ ಸಿಗುತ್ತದೆ ಅನ್ನುವ ಆಸೆಗಿಂತ ಗಟ್ಟಿ.

ನಮ್ಮ ಅತ್ತೆ ಮೊದಲ ದಿನ ಹೇಳಿದ್ದು ಇಷ್ಟೇ: "ಸಾಕು, ಬೇಡ ಅನ್ನಲ್ಲ. ದೇವರ ಮನೆ ಹೊಸ್ತಿಲು ಮಾತ್ರ ದಾಟಬಾರದು." ಅದನ್ನು ಹೇಗೆ ಕಲಿಸಿದೆವು ಅಂತ ಮುಂದೆ ಹೇಳುತ್ತೇನೆ.

ಮೊದಲ ದಿನ, ಮೊದಲ ರಾತ್ರಿ

ಮನೆಗೆ ಬರುವ ದಾರಿಯಲ್ಲೇ ಪಶುವೈದ್ಯರಿಗೆ ತೋರಿಸಿ. ಬೀದಿಯ ಮರಿಗಳ ಹೊಟ್ಟೆಯಲ್ಲಿ ಜಂತುಹುಳ ಇದ್ದೇ ಇರುತ್ತದೆ ಅಂತ ಇಟ್ಟುಕೊಳ್ಳಿ. ಊದಿದ ಹೊಟ್ಟೆ ನೋಡಿ ಚೆನ್ನಾಗಿ ತಿಂದಿದೆ ಅಂತ ಅಂದುಕೊಳ್ಳುವುದು ಸಾಮಾನ್ಯ, ಆದರೆ ಅದು ಹುಳದ ಹೊಟ್ಟೆ. ಜಂತುಹುಳದ ಔಷಧಿ ಮೂರು ತಿಂಗಳವರೆಗೆ ಎರಡು ವಾರಕ್ಕೊಮ್ಮೆ, ಆಮೇಲೆ ಆರು ತಿಂಗಳವರೆಗೆ ತಿಂಗಳಿಗೊಮ್ಮೆ ಬೇಕಾಗುತ್ತದೆ. ಚುಚ್ಚುಮದ್ದು ಆರರಿಂದ ಎಂಟು ವಾರಕ್ಕೆ ಶುರುವಾಗಿ, ಮೂರು ನಾಲ್ಕು ವಾರಕ್ಕೊಮ್ಮೆ ಹದಿನಾರು ವಾರದವರೆಗೆ ನಡೆಯುತ್ತದೆ. ರೇಬೀಸ್ ಚುಚ್ಚುಮದ್ದು ಮೂರು ತಿಂಗಳಿಗೆ. ಡಾಕ್ಟರ್ ಕೊಡುವ ಪುಸ್ತಕದಲ್ಲಿ ಮುಂದಿನ ತಾರೀಕು ಬರೆದಿರುತ್ತಾರೆ, ಅದನ್ನು ಅಡುಗೆಮನೆ ಕ್ಯಾಲೆಂಡರಿನಲ್ಲೂ ಗುರುತು ಹಾಕಿಬಿಡಿ.

ಬಂದ ದಿನವೇ ಸ್ನಾನ ಮಾಡಿಸಬೇಡಿ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ನೆಂಟರನ್ನೂ ಕರೆಯಬೇಡಿ. ಒಂದು ಮೂಲೆಯಲ್ಲಿ ಹಳೆಯ ಕಂಬಳಿ ಹಾಸಿ, ನೀರಿಡಿ, ಮರಿ ತಾನಾಗಿ ಮನೆ ಮೂಸಿ ನೋಡಲಿ. ಈ ವಯಸ್ಸಿನ ಮರಿ ದಿನಕ್ಕೆ ಹದಿನೆಂಟು ಗಂಟೆ ನಿದ್ದೆ ಮಾಡುತ್ತದೆ. ನಿದ್ದೆಯಿಂದ ಎಬ್ಬಿಸಿ ಆಡಿಸಬಾರದು ಅಂತ ಮಕ್ಕಳಿಗೆ ಮೊದಲೇ ಹೇಳಿರಿ.

ರಾತ್ರಿ ಅಳುತ್ತದೆ. ಅಳಲಿ ಬಿಡಿ, ಕಲಿಯುತ್ತದೆ ಅಂತ ಹೇಳುವವರು ನಿಮಗೆ ಸಿಗುತ್ತಾರೆ. ನಾನು ಅದನ್ನು ಒಪ್ಪುವುದಿಲ್ಲ. ನಿನ್ನೆವರೆಗೆ ಬೆಚ್ಚಗಿನ ಮೈಗೆ ಅಂಟಿಕೊಂಡು ಮಲಗಿದ್ದ ಮರಿ ಅದು. ಮೊದಲ ಒಂದು ವಾರ ನಿಮ್ಮ ಮಂಚದ ಪಕ್ಕದಲ್ಲೇ ರಟ್ಟಿನ ಪೆಟ್ಟಿಗೆ ಇಟ್ಟು ಮಲಗಿಸಿ, ಕೈ ಕೆಳಗೆ ಇಳಿಬಿಟ್ಟರೆ ಮುಟ್ಟುವಷ್ಟು ಹತ್ತಿರ. ಬಾಟಲಿಗೆ ಬೆಚ್ಚಗಿನ ನೀರು ತುಂಬಿ ಬಟ್ಟೆ ಸುತ್ತಿ ಪಕ್ಕಕ್ಕಿಡಿ. ಕೆಂಚಿ ಮೊದಲ ರಾತ್ರಿ ನನ್ನ ಕಿರುಬೆರಳು ಹಿಡಿದುಕೊಂಡೇ ಮಲಗಿದಳು. ಆಮೇಲೆ ದಿನಕ್ಕೆ ಒಂದೊಂದು ಅಡಿಯಂತೆ ಪೆಟ್ಟಿಗೆಯನ್ನು ಬಾಗಿಲ ಕಡೆ ಸರಿಸುತ್ತಾ ಹೋದೆವು. ಮೂರು ವಾರದಲ್ಲಿ ಅದು ಪಡಸಾಲೆ ತಲುಪಿತ್ತು.

ಉಚ್ಚೆಯ ಪಾಠ

ಮನೆಯಲ್ಲಿ ಜಗಳ ತರುವ ವಿಷಯ ಇದೇ, ಅಲ್ವಾ? ಹಾಗಾಗಿ ಇದನ್ನು ಬಿಡಿಸಿ ಹೇಳುತ್ತೇನೆ.

ಮರಿ ಎಷ್ಟು ಹೊತ್ತು ತಡೆದುಕೊಳ್ಳಬಲ್ಲದು ಅನ್ನುವುದಕ್ಕೆ ಒಂದು ಅಂದಾಜಿದೆ. ಅದರ ವಯಸ್ಸು ಎಷ್ಟು ತಿಂಗಳೋ, ಅದಕ್ಕೆ ಒಂದು ಸೇರಿಸಿದರೆ ಅಷ್ಟು ಗಂಟೆ. ಎರಡು ತಿಂಗಳ ಮರಿಗೆ ಹೆಚ್ಚೆಂದರೆ ಮೂರು ಗಂಟೆ, ಅದೂ ಸುಮ್ನೆ ಮಲಗಿದ್ದರೆ. ಎದ್ದು ಓಡಾಡುವಾಗ ಅಷ್ಟೂ ಆಗುವುದಿಲ್ಲ. ಆದ್ದರಿಂದ ನಿದ್ದೆಯಿಂದ ಎದ್ದ ಕೂಡಲೇ, ಊಟವಾಗಿ ಹದಿನೈದು ಇಪ್ಪತ್ತು ನಿಮಿಷಕ್ಕೆ, ಆಟ ನಿಲ್ಲಿಸಿದ ತಕ್ಷಣ, ಮಲಗುವ ಮೊದಲು, ಇದರ ನಡುವೆ ಎರಡು ಗಂಟೆಗೊಮ್ಮೆ, ಎತ್ತಿಕೊಂಡು ಹೋಗಿ ಒಂದೇ ಜಾಗದಲ್ಲಿ ಬಿಡಿ. ನಮಗೆ ಹಿತ್ತಲಿನಲ್ಲಿ ನುಗ್ಗೆ ಮರದ ಬುಡ ಇತ್ತು. ಮೇಲಿನ ಮಹಡಿಯವರು ಬಾಲ್ಕನಿಯಲ್ಲಿ ಅಗಲದ ತಟ್ಟೆಗೆ ಮಣ್ಣು ಹುಲ್ಲು ಹಾಕಿ ಇಟ್ಟುಕೊಳ್ಳಬಹುದು.

ಬಿಟ್ಟ ಮೇಲೆ ಸುಮ್ಮನೆ ನಿಲ್ಲಿ. ಮಾತಾಡಿಸಬೇಡಿ, ಆಡಿಸಬೇಡಿ. ಮರಿ ಉಚ್ಚೆ ಹೊಯ್ದು ಮುಗಿಸಿದ ಕ್ಷಣಕ್ಕೆ "ಭೇಷ್" ಅಂದು ಅಲ್ಲೇ ತಿಂಡಿ ಕೊಡಿ. ಒಳಗೆ ಬಂದ ಮೇಲೆ ಕೊಟ್ಟರೆ, ಒಳಗೆ ಬಂದಿದ್ದಕ್ಕೆ ತಿಂಡಿ ಸಿಕ್ಕಿತು ಅಂತ ಅದು ತಿಳಿಯುತ್ತದೆ. ಮರಿಗೆ ಮಾಡಿದ್ದಕ್ಕೂ ಸಿಕ್ಕಿದ್ದಕ್ಕೂ ನಂಟು ಕೂಡುವುದು ಒಂದೆರಡು ಸೆಕೆಂಡಿನೊಳಗೆ ಮಾತ್ರ.

ಒಳಗೆ ಹೊಯ್ದುಬಿಟ್ಟರೆ? ಕಣ್ಣೆದುರೇ ಶುರು ಮಾಡಿದರೆ ಚಪ್ಪಾಳೆ ತಟ್ಟಿ ಎತ್ತಿಕೊಂಡು ಹೊರಗೆ ಓಡಿ, ಮಿಕ್ಕಿದ್ದನ್ನು ಅಲ್ಲಿ ಮಾಡಿದರೆ ಭೇಷ್ ಅನ್ನಿ. ಆಮೇಲೆ ನೋಡಿದ್ದಾದರೆ ಒರೆಸಿ, ಅಷ್ಟೇ. ಮೂತಿಯನ್ನು ಉಚ್ಚೆಗೆ ಒತ್ತುವುದು, ಹೊಡೆಯುವುದು ನಮ್ಮಲ್ಲಿ ಬಹಳ ಕಡೆ ನಡೆಯುತ್ತದೆ. ಅದರಿಂದ ಮರಿ ಕಲಿಯುವುದು, ಇವರ ಎದುರು ಉಚ್ಚೆ ಹೊಯ್ಯಬಾರದು ಅನ್ನುವುದನ್ನು. ಆಮೇಲೆ ನೀವು ಹೊರಗೆ ಕರೆದುಕೊಂಡು ಹೋಗಿ ಅರ್ಧ ಗಂಟೆ ನಿಂತರೂ ಹೊಯ್ಯುವುದಿಲ್ಲ, ಒಳಗೆ ಬಂದು ಸೋಫಾದ ಹಿಂದೆ ಹೊಯ್ಯುತ್ತದೆ.

ಒರೆಸುವಾಗ ಬರೀ ಫಿನಾಯಿಲ್ ಹಾಕಬೇಡಿ. ನಮ್ಮ ಮೂಗಿಗೆ ಫಿನಾಯಿಲ್ ವಾಸನೆ ಬರುತ್ತದೆ, ಅವುಗಳ ಮೂಗಿಗೆ ಅದರ ಕೆಳಗಿನ ಉಚ್ಚೆ ವಾಸನೆ ಹಾಗೇ ಇರುತ್ತದೆ. ಅದೂ ಅಲ್ಲದೆ ಆ ನೆಲ ಮೆಟ್ಟಿದ ಕಾಲನ್ನು ಮರಿ ನೆಕ್ಕುತ್ತದೆ, ಅದು ಅದಕ್ಕೆ ಒಳ್ಳೆಯದಲ್ಲ. ಸೋಪಿನ ನೀರಿನಲ್ಲಿ ತೊಳೆದು, ಮೇಲೆ ನೀರು ಬೆರೆಸಿದ ವಿನೆಗರ್‌ನಲ್ಲಿ ಒರೆಸಿ. ಕೆಂಚಿ ವಾಸನೆ ಉಳಿದ ಜಾಗಕ್ಕೇ ಮತ್ತೆ ಮತ್ತೆ ಹೋಗುತ್ತಿದ್ದಳು: ಅತ್ತೆ ರಂಗೋಲಿ ಹಾಕುವ ಜಾಗ. ಎರಡು ವಾರ ದಿನಾ ಬೆಳಿಗ್ಗೆ ಇದೇ. ಕೊನೆಗೆ ಆ ಜಾಗವನ್ನು ಚೆನ್ನಾಗಿ ತೊಳೆದು, ಅಲ್ಲೇ ಅವಳ ಊಟದ ಬಟ್ಟಲು ಇಟ್ಟೆವು. ಉಣ್ಣುವ ಕಡೆ ಹೊಲಸು ಮಾಡಲು ನಾಯಿಗೆ ಮನಸ್ಸಾಗುವುದಿಲ್ಲ. ನಾಲ್ಕು ದಿನದಲ್ಲಿ ಬಿಟ್ಟಳು.

ಚುಚ್ಚುಮದ್ದು ಮುಗಿಯುವವರೆಗೆ ಕಾಯಬೇಕು, ಆದರೆ ಕಾಯಲೂಬಾರದು

ಇಲ್ಲಿ ಒಂದು ಪೇಚು ಇದೆ. ಮೂರು ವಾರದಿಂದ ಸುಮಾರು ಹದಿನಾಲ್ಕು ವಾರದವರೆಗೆ ಮರಿಯ ಮನಸ್ಸು ತೆರೆದಿರುತ್ತದೆ. ಆಗ ನೋಡಿದ್ದು, ಕೇಳಿದ್ದು, ಮೂಸಿದ್ದು ಮುಂದೆ ಅದಕ್ಕೆ ಮಾಮೂಲಿ ಅನ್ನಿಸುತ್ತದೆ. ಆಗ ನೋಡದೇ ಇದ್ದದ್ದು ಮುಂದೆ ಹೆದರಿಸುತ್ತದೆ. ಆದರೆ ಇದೇ ಹೊತ್ತಿನಲ್ಲಿ ಅದನ್ನು ಬೀದಿಯಲ್ಲಿ ನಡೆಸುವ ಹಾಗಿಲ್ಲ, ಏಕೆಂದರೆ ಚುಚ್ಚುಮದ್ದು ಮುಗಿದಿಲ್ಲ. ಪಾರ್ವೋ ಅನ್ನುವ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ವಾಂತಿ, ರಕ್ತ ಬೆರೆತ ಭೇದಿ, ಎರಡು ಮೂರು ದಿನದಲ್ಲಿ ಮರಿ ಹೋಗಿಬಿಡುತ್ತದೆ. ಮರಳಿನ ರಾಶಿಯ ಮರಿಗಳಲ್ಲಿ ಹಲವು ಹಾಗೆಯೇ ಹೋಗುವುದು. ಮರಿ ಊಟ ಬಿಟ್ಟು ವಾಂತಿ ಶುರು ಮಾಡಿದರೆ ನಾಳೆ ನೋಡೋಣ ಅನ್ನಬೇಡಿ, ಆ ಗಂಟೆಯೇ ಹೊರಡಿ.

ದಾರಿ ಏನೆಂದರೆ, ಎತ್ತಿಕೊಂಡು ಹೋಗುವುದು. ಬಟ್ಟೆ ಚೀಲದಲ್ಲಿ ಕೂರಿಸಿಕೊಂಡು, ಕಾಲು ನೆಲಕ್ಕೆ ತಾಗಿಸದೆ, ದಿನಕ್ಕೆ ಹತ್ತು ನಿಮಿಷ ಲೋಕ ತೋರಿಸಿ. ನಾವು ಕೆಂಚಿಗೆ ತೋರಿಸಿದ್ದರ ಪಟ್ಟಿಯನ್ನು ಮಗ ಗೋಡೆಗೆ ಅಂಟಿಸಿದ್ದ: ತಳ್ಳುಗಾಡಿ ತರಕಾರಿಯವರ ಕೂಗು, ಕಸದ ಗಾಡಿಯ ಹಾಡು, ಹೆಲ್ಮೆಟ್ ಹಾಕಿದ ಮನುಷ್ಯ, ಕೋಲು ಹಿಡಿದ ಅಜ್ಜ, ಛತ್ರಿ ಬಿಚ್ಚುವುದು, ಹಸು, ಮಿಕ್ಸಿ, ಪ್ರೆಷರ್ ಕುಕ್ಕರ್ ಸೀಟಿ, ದೇವಸ್ಥಾನದ ಗಂಟೆ, ಸಮವಸ್ತ್ರದ ಶಾಲೆ ಮಕ್ಕಳ ಗುಂಪು. ಪ್ರತಿಯೊಂದನ್ನೂ ದೂರದಿಂದ ತೋರಿಸಿ, ನೋಡಿದ ಕೂಡಲೇ ಒಂದು ಚೂರು ತಿಂಡಿ. ಹೆದರಿ ಮುದುಡಿದರೆ ಇನ್ನೂ ದೂರ ಹೋಗಿ. ನೂಕಿ ಹತ್ತಿರ ಕರೆದುಕೊಂಡು ಹೋಗಬೇಡಿ. ನಾವು ಮರೆತದ್ದು ಒಂದೇ, ಬುರ್ಖಾ ಅಥವಾ ಮಳೆ ಅಂಗಿಯಂತೆ ಮೈ ಪೂರ್ತಿ ಮುಚ್ಚುವ ಉಡುಪು. ಜೂನ್ ಮಳೆಯಲ್ಲಿ ರೇನ್‌ಕೋಟ್ ಹಾಕಿಕೊಂಡು ಬಂದ ಹಾಲಿನವರನ್ನು ನೋಡಿ ಕೆಂಚಿ ಬೊಗಳಿದ್ದು ಸರಿಹೋಗಲು ಎರಡು ತಿಂಗಳು ಹಿಡಿಯಿತು. ಚಿಕ್ಕಂದಿನಲ್ಲಿ ಹತ್ತು ನಿಮಿಷದಲ್ಲಿ ಮುಗಿಯುತ್ತಿದ್ದ ಕೆಲಸ.

ಕೈ, ಕಾಲು, ಪಂಚೆ ಎಲ್ಲ ಕಚ್ಚುತ್ತದೆ

ಮರಿಗೆ ಇಪ್ಪತ್ತೆಂಟು ಹಾಲುಹಲ್ಲು. ಮೂರೂವರೆ ನಾಲ್ಕು ತಿಂಗಳಿಗೆ ಅವು ಬೀಳಲು ಶುರುವಾಗಿ ಆರೇಳು ತಿಂಗಳೊಳಗೆ ನಲವತ್ತೆರಡು ಹೊಸ ಹಲ್ಲು ಬರುತ್ತವೆ. ಅಷ್ಟು ದಿನ ವಸಡು ಕಡಿಯುತ್ತಿರುತ್ತದೆ, ಅದಕ್ಕೇ ಸಿಕ್ಕಿದ್ದನ್ನೆಲ್ಲ ಕಚ್ಚುತ್ತದೆ. ಕಚ್ಚಲು ಅದರದ್ದೇ ಅಂತ ಏನಾದರೂ ಕೊಡಿ. ಹಳೆಯ ಟವೆಲ್ ಗಂಟು ಕಟ್ಟಿ ಒದ್ದೆ ಮಾಡಿ ಫ್ರೀಜರಿನಲ್ಲಿಟ್ಟು ಕೊಟ್ಟರೆ ಅರ್ಧ ಗಂಟೆ ನೆಮ್ಮದಿ. ತಣ್ಣಗಿನ ದಪ್ಪ ಗಜ್ಜರಿಯೂ ಆಗುತ್ತದೆ. ಹಳೆಯ ಚಪ್ಪಲಿ ಮಾತ್ರ ಕೊಡಬೇಡಿ. ಯಾವುದು ಹಳೆಯದು, ಯಾವುದು ಮೊನ್ನೆ ಕೊಂಡದ್ದು ಅಂತ ಅದಕ್ಕೆ ಹೇಗೆ ಗೊತ್ತಾಗಬೇಕು?

ಕೈ ಕಚ್ಚಿದಾಗ ಕಿರುಚಿ ಕೈ ಕೊಡವಿದರೆ ಅದಕ್ಕೆ ಅದು ಆಟ. ಅದಕ್ಕೇನು ಸಿಕ್ಕಿತು? ಓಡುವ ಕೈ, ಜೋರು ಸದ್ದು, ನಿಮ್ಮ ಪೂರ್ತಿ ಗಮನ. ಅದರ ಬದಲು ಮಾತಿಲ್ಲದೆ ಎದ್ದು ಹೋಗಿ. ಹದಿನೈದು ಸೆಕೆಂಡು ಬಾಗಿಲ ಆಚೆ ನಿಂತು ವಾಪಸ್ ಬಂದು ಮತ್ತೆ ಆಡಿ. ಮತ್ತೆ ಕಚ್ಚಿದರೆ ಮತ್ತೆ ಎದ್ದು ಹೋಗಿ. ಮೊದಲ ದಿನ ನಾನು ಇಪ್ಪತ್ತು ಸಲ ಎದ್ದಿದ್ದೇನೆ. ಮೈ ಮೇಲೆ ಹಾರುವುದಕ್ಕೂ ಇದೇ ಮದ್ದು. ಹಾರಿದರೆ ಬೆನ್ನು ತಿರುಗಿಸಿ. ನಾಲ್ಕೂ ಕಾಲು ನೆಲದ ಮೇಲಿದ್ದಾಗ ಮಾತ್ರ ಬಗ್ಗಿ ಮುದ್ದು ಮಾಡಿ. ಮರಿಯಾಗಿದ್ದಾಗ ಹಾರಿದರೆ ನಕ್ಕು ಎತ್ತಿಕೊಂಡು, ಹದಿನೆಂಟು ಕಿಲೋ ಆದಮೇಲೆ ಅದೇ ಹಾರುವುದಕ್ಕೆ ಹೊಡೆಯುವುದು ಅನ್ಯಾಯ.

ಪಾಠಕ್ಕೆ ಕನ್ನಡವೇ ಸಾಕು, ಆದರೆ ಪದ ಆರಿಸಿಕೊಳ್ಳಿ

ಸಿಟ್, ಸ್ಟೇ ಅಂತಲೇ ಹೇಳಬೇಕು ಅಂತೇನಿಲ್ಲ. ನಾಯಿಗೆ ಯಾವ ಭಾಷೆಯೂ ಒಂದೇ. ನಾವು ಕನ್ನಡದಲ್ಲಿ ಕಲಿಸಿದೆವು, ಅತ್ತೆಯೂ ಹೇಳಬೇಕಲ್ಲ. ಆದರೆ ಮೊದಲು ಒಂದು ತಪ್ಪು ಮಾಡಿದೆವು. "ಕೂತ್ಕೋ", "ಮಲ್ಕೋ", "ತಗೋ" ಅಂತ ಶುರು ಮಾಡಿದೆವು. ಎಲ್ಲದರ ಕೊನೆಯೂ ಒಂದೇ ಥರ ಕೇಳಿಸುತ್ತದೆ. ಕೆಂಚಿ ಮೂರಕ್ಕೂ ಕೂತುಬಿಡುತ್ತಿದ್ದಳು. ಆಮೇಲೆ ಪದ ಬದಲಿಸಿದೆವು: ಕೂರು, ಮಲಗು, ಬಿಡು, ನಿಲ್ಲು, ಬಾ. ಪದ ಚಿಕ್ಕದಿರಲಿ, ಒಂದರ ಸದ್ದು ಇನ್ನೊಂದಕ್ಕೆ ಹತ್ತಿರ ಇರದಿರಲಿ, ಮನೆಯವರೆಲ್ಲ ಅದನ್ನೇ ಹೇಳಲಿ. ಪಟ್ಟಿ ಬರೆದು ಫ್ರಿಡ್ಜ್ ಬಾಗಿಲಿಗೆ ಅಂಟಿಸಿ.

"ಕೂರು" ಕಲಿಸುವ ಬಗೆ ಹೀಗೆ:

1. ಕಡಲೆಕಾಳಿನಷ್ಟು ತಿಂಡಿ ಬೆರಳಲ್ಲಿ ಹಿಡಿಯಿರಿ. ಬೇಯಿಸಿದ ಮೊಟ್ಟೆಯ ಬಿಳಿ, ಪನೀರ್, ಬೇಯಿಸಿದ ಕೋಳಿ, ಯಾವುದಾದರೂ ಸರಿ.
2. ಮೂಗಿನ ಹತ್ತಿರ ತಂದು, ತಲೆಯ ಮೇಲಿಂದ ನಿಧಾನವಾಗಿ ಹಿಂದಕ್ಕೆ ಒಯ್ಯಿರಿ. ಮೂಗು ಮೇಲೆ ಹೋದಂತೆ ಹಿಂಭಾಗ ತಾನಾಗಿ ಕೆಳಗಿಳಿಯುತ್ತದೆ. ಕೈಯಿಂದ ಒತ್ತಬೇಡಿ.
3. ಕುಂಡೆ ನೆಲಕ್ಕೆ ತಾಗಿದ ಕ್ಷಣ "ಭೇಷ್" ಅನ್ನಿ, ತಿಂಡಿ ಕೊಡಿ.
4. ಹತ್ತಿಪ್ಪತ್ತು ಸಲ ಹೀಗೆ ಆದಮೇಲೆ, ಕೈ ಆಡಿಸುವ ಮುಂಚೆ "ಕೂರು" ಅನ್ನಿ. ಒಂದೇ ಸಲ ಹೇಳಿ. ಕೂರು ಕೂರು ಕೂರು ಅಂದರೆ, ಮೂರನೇ ಸಲಕ್ಕೆ ಕೂರಬೇಕು ಅಂತ ಕಲಿಯುತ್ತದೆ.
5. ಮನೆಯೊಳಗೆ ಕಲಿತ ಮೇಲೆ ಹಿತ್ತಲಲ್ಲಿ, ಗೇಟಿನ ಹತ್ತಿರ, ಬೀದಿಯಲ್ಲಿ ಮೊದಲಿನಿಂದ ಕಲಿಸಿ. ಪಡಸಾಲೆಯಲ್ಲಿ ಕಲಿತದ್ದು ಬೀದಿಗೆ ತಾನಾಗಿ ಬರುವುದಿಲ್ಲ.

ಒಂದು ಸಲಕ್ಕೆ ಮೂರರಿಂದ ಐದು ನಿಮಿಷ, ದಿನಕ್ಕೆ ಎರಡು ಮೂರು ಸಲ, ಊಟಕ್ಕೆ ಮುಂಚೆ. ಅದಕ್ಕಿಂತ ಜಾಸ್ತಿ ಬೇಡ. "ಭೇಷ್" ಅನ್ನುವ ಪದವನ್ನು ಸರಿಯಾದ ಕೆಲಸಕ್ಕೆ ಮಾತ್ರ ಮೀಸಲಿಡಿ, ಹೇಳಿದ ಮೇಲೆ ಏನಾದರೂ ಕೊಟ್ಟೇ ಕೊಡಿ. ಈ ಒಂದು ಪದ ನಮಗೆ ದುಬಾರಿ ಚೈನು ಬೆಲ್ಟುಗಳಿಗಿಂತ ಹೆಚ್ಚು ಕೆಲಸ ಮಾಡಿಕೊಟ್ಟಿದೆ.

"ಬಾ" ಅನ್ನುವುದನ್ನು ಚಿನ್ನದಂತೆ ಕಾಪಾಡಿ. ಬಾ ಅಂತ ಕರೆದು ಸ್ನಾನ ಮಾಡಿಸುವುದು, ಬಾ ಅಂತ ಕರೆದು ಬೈಯುವುದು, ಬಾ ಅಂತ ಕರೆದು ಆಟ ನಿಲ್ಲಿಸಿ ಮನೆಗೆ ಕರೆತರುವುದು, ಇಷ್ಟು ಮಾಡಿದರೆ ಆ ಪದ ಕೆಟ್ಟಿತು. ಸ್ನಾನ ಮಾಡಿಸಬೇಕಾದರೆ ನೀವೇ ಹೋಗಿ ಎತ್ತಿಕೊಂಡು ಬನ್ನಿ. ಬಾ ಅಂದಾಗ ಪ್ರತಿ ಸಲವೂ ಒಳ್ಳೆಯದೇ ಸಿಗಬೇಕು. ಹತ್ತು ನಿಮಿಷ ತಡವಾಗಿ ಬಂದರೂ ಬೈಯಬೇಡಿ. ಒಂದು ದಿನ ಗ್ಯಾಸ್ ತಂದವರು ಗೇಟು ತೆರೆದೇ ಹೋಗಿದ್ದರು. ಕೆಂಚಿ ಬೆಕ್ಕಿನ ಹಿಂದೆ ಮುಖ್ಯರಸ್ತೆ ಕಡೆ ಓಡಿದಳು. ನಾನು ಹಿಂದೆ ಓಡಲಿಲ್ಲ. ಓಡಿದರೆ ಅಟ್ಟಿಸಿಕೊಂಡು ಬರುತ್ತಿದ್ದಾರೆ ಅಂತ ಇನ್ನೂ ಜೋರಾಗಿ ಓಡುತ್ತವೆ. ನಿಂತಲ್ಲೇ "ಕೆಂಚೀ, ಬಾ" ಅಂದು ಉಲ್ಟಾ ದಿಕ್ಕಿಗೆ ಎರಡು ಹೆಜ್ಜೆ ಓಡಿದೆ. ತಿರುಗಿ ಬಂದಳು. ಅವತ್ತು ಫ್ರಿಡ್ಜಿನಲ್ಲಿದ್ದ ಪನೀರ್ ಅಷ್ಟೂ ಅವಳದ್ದೇ ಆಯಿತು.

ಇನ್ನು ದೇವರ ಮನೆ ಹೊಸ್ತಿಲು. ಹೊಸ್ತಿಲ ಆಚೆ ನಾನು ನಿಂತೆ, ಈಚೆ ಕೆಂಚಿ. ಅವಳು ಕಾಲಿಟ್ಟರೆ ಏನೂ ಹೇಳದೆ ನಾನೇ ಒಂದು ಹೆಜ್ಜೆ ಮುಂದೆ ಬಂದು ದಾರಿ ಮುಚ್ಚುತ್ತಿದ್ದೆ. ಹಿಂದೆ ಸರಿದರೆ ಭೇಷ್, ಮತ್ತು ತಿಂಡಿ ಹೊಸ್ತಿಲಿನ ಹೊರಗೇ ನೆಲದ ಮೇಲೆ ಬೀಳುತ್ತಿತ್ತು. ಒಳ್ಳೆಯದೆಲ್ಲ ಸಿಗುವುದು ಹೊರಗಡೆ ಅಂತ ತಿಳಿಯಲು ಒಂದು ವಾರ ಸಾಕಾಯಿತು. ಈಗ ಅತ್ತೆ ಪೂಜೆಗೆ ಕೂತರೆ ಹೊಸ್ತಿಲಿಗೆ ಮೂತಿ ಒರಗಿಸಿ ಮಲಗುತ್ತಾಳೆ. ಮಂಗಳಾರತಿ ಗಂಟೆ ಆದಮೇಲೆ ಒಂದು ಚೂರು ಬಾಳೆಹಣ್ಣು ಸಿಗುತ್ತದೆ, ಕೊಡುವುದು ಅತ್ತೆಯೇ.

ಊಟ

ಚಿಕ್ಕದಾಗಿ ಹೇಳಿಬಿಡುತ್ತೇನೆ. ರಾಗಿ, ಅನ್ನ, ಮೊಸರು ಕೊಡಬಹುದು, ಆದರೆ ಬರೀ ಮೊಸರನ್ನ ತಿಂದು ಬೆಳೆಯುವ ಮರಿಗೆ ಪ್ರೋಟೀನ್ ಸಾಲುವುದಿಲ್ಲ. ಮಾಂಸ ತರದ ಮನೆಯಾದರೆ ಕನಿಷ್ಠ ಮೊಟ್ಟೆ, ಪನೀರ್ ಸೇರಿಸಿ, ಅಥವಾ ಮರಿಗಳಿಗೆಂದೇ ಬರುವ ಒಣ ಆಹಾರವನ್ನು ಜೊತೆಗೆ ಹಾಕಿ. ಮಿಕ್ಕಿದ ಸಾಂಬಾರು, ಪಲ್ಯ ಸುರಿಯಬೇಡಿ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ರಕ್ತಕಣ ಹಾಳು ಮಾಡುತ್ತವೆ. ದ್ರಾಕ್ಷಿ, ಒಣದ್ರಾಕ್ಷಿ ಮೂತ್ರಪಿಂಡಕ್ಕೆ ವಿಷ, ಹಬ್ಬದ ದಿನ ಪಾಯಸದ ಪಾತ್ರೆ ನೆಕ್ಕಲು ಕೊಡುವಾಗ ಇದು ನೆನಪಿರಲಿ. ಚಾಕೊಲೇಟ್ ಬೇಡವೇ ಬೇಡ. ಬೇಯಿಸಿದ ಕೋಳಿ ಮೂಳೆ ಸೀಳಿ ಚೂಪಾಗಿ ಗಂಟಲಿಗೆ, ಕರುಳಿಗೆ ಚುಚ್ಚುತ್ತದೆ.

ಬೀದಿಗೆ ಇಳಿದಾಗ

ಚುಚ್ಚುಮದ್ದು ಮುಗಿದ ಮೇಲೆ ವಾಕಿಂಗ್ ಶುರು. ಕೊರಳ ಬೆಲ್ಟಿಗಿಂತ ಎದೆಗೆ ಹಾಕುವ ಹಾರ್ನೆಸ್ ಒಳ್ಳೆಯದು, ಎಳೆದಾಗ ಕುತ್ತಿಗೆ ಹಿಸುಕುವುದಿಲ್ಲ. ಎಳೆದರೆ ನಿಂತುಬಿಡಿ. ಹಗ್ಗ ಸಡಿಲವಾದ ಕೂಡಲೇ ನಡೆಯಿರಿ. ಎಳೆದಾಗ ನೀವು ಹಿಂದೆ ಹೋದರೆ, ಎಳೆದರೆ ಮುಂದೆ ಹೋಗಬಹುದು ಅಂತ ನೀವೇ ಕಲಿಸಿದ ಹಾಗೆ. ಮೊದಲ ವಾರ ನಮಗೆ ಬೀದಿಯ ತುದಿ ತಲುಪಲು ಇಪ್ಪತ್ತು ನಿಮಿಷ ಬೇಕಾಗುತ್ತಿತ್ತು. ಮೂಸಲು ಬಿಡಿ. ಬೇಸಿಗೆಯಲ್ಲಿ ಟಾರು ರಸ್ತೆಗೆ ಮುಂಗೈ ಇಟ್ಟು ನೋಡಿ, ಐದಾರು ಸೆಕೆಂಡು ಇಡಲು ಆಗದಿದ್ದರೆ ಅದರ ಪಾದಕ್ಕೂ ಆಗುವುದಿಲ್ಲ.

ದೊಡ್ಡ ತಲೆನೋವು ಬೀದಿಯ ಬೇರೆ ನಾಯಿಗಳು. ಅವು ಗುಂಪಾಗಿ ಬೊಗಳುತ್ತಾ ಬಂದಾಗ ಮರಿಯನ್ನು ಥಟ್ಟನೆ ಮೇಲೆತ್ತುವುದು, "ಹಚಾ ಹಚಾ" ಅಂತ ಕೂಗಿ ಕಲ್ಲು ತೆಗೆಯುವುದು ನಮ್ಮ ಅಭ್ಯಾಸ. ಎರಡೂ ಬಿಸಿ ಏರಿಸುತ್ತವೆ. ಹಗ್ಗ ಬಿಗಿಯದೆ, ಓಡದೆ, ಪಕ್ಕಕ್ಕೆ ಬಳಸಿಕೊಂಡು ಹೋಗಿ. ಜೇಬಿನಲ್ಲಿ ಒಂದು ಹಿಡಿ ಬಿಸ್ಕತ್ ಚೂರು ಇಟ್ಟುಕೊಂಡಿದ್ದು ಅವುಗಳ ಕಡೆ ನೆಲಕ್ಕೆ ಚೆಲ್ಲಿದರೆ ಅವು ಆರಿಸುವಷ್ಟರಲ್ಲಿ ನೀವು ದಾಟಿರುತ್ತೀರಿ. ದಿನಾ ಅದೇ ಹೊತ್ತಿಗೆ, ಅದೇ ದಾರಿಯಲ್ಲಿ ಹೋದರೆ ಒಂದು ತಿಂಗಳಲ್ಲಿ ಪರಿಚಯವಾಗುತ್ತದೆ. ಕಿವಿಯ ತುದಿ ಕತ್ತರಿಸಿದ್ದರೆ ಆ ನಾಯಿಗೆ ಸಂತಾನಹರಣದ ಆಪರೇಷನ್ ಆಗಿದೆ, ಆ ಹೊತ್ತಿಗೆ ರೇಬೀಸ್ ಚುಚ್ಚುಮದ್ದೂ ಕೊಟ್ಟಿರುತ್ತಾರೆ ಅಂತ ಅರ್ಥ.

"ಬೊಗಳುವ ನಾಯಿ ಕಚ್ಚಲ್ಲ" ಅನ್ನುವ ಗಾದೆಯನ್ನು ಮಕ್ಕಳಿಗೆ ಹೇಳಿಕೊಡಬೇಡಿ. ಬೊಗಳುವ ನಾಯಿಯೂ ಕಚ್ಚುತ್ತದೆ. ನಾಯಿ ಕಚ್ಚುವ ಮೊದಲು ಬಹಳ ಸಲ ಹೇಳುತ್ತದೆ: ಮುಖ ತಿರುಗಿಸುತ್ತದೆ, ತುಟಿ ನೆಕ್ಕುತ್ತದೆ, ನಿದ್ದೆ ಬರದೆಯೂ ಆಕಳಿಸುತ್ತದೆ, ಮೈ ಮರದಂತೆ ಬಿಗಿಯುತ್ತದೆ, ಕಣ್ಣಿನ ಬಿಳಿ ಕಾಣಿಸುತ್ತದೆ, ಕೊನೆಗೆ ಗುರ್ ಅನ್ನುತ್ತದೆ. ಗುರ್ ಅಂದಿದ್ದಕ್ಕೆ ಹೊಡೆಯಬೇಡಿ. ಹೊಡೆದರೆ ಗುರ್ ಅನ್ನುವುದನ್ನು ಬಿಟ್ಟು ನೇರ ಕಚ್ಚುವುದನ್ನು ಕಲಿಯುತ್ತದೆ. ನಿಮ್ಮದೇ ನಾಯಿ ಗುರ್ ಅಂದರೂ ಹಿಂದೆ ಸರಿಯಿರಿ, ಯಾಕೆ ಅಂತ ಯೋಚಿಸಿ. ಉಣ್ಣುವಾಗ, ಮಲಗಿದ್ದಾಗ ಮಕ್ಕಳು ಮುಟ್ಟದಿರಲಿ, ಕೊರಳು ತಬ್ಬಿಕೊಳ್ಳದಿರಲಿ. ಯಾವ ನಾಯಿಯೇ ಕಚ್ಚಲಿ, ಪರಚಲಿ, ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಾಕಿ ಹದಿನೈದು ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ. ಅರಿಶಿನ, ಸುಣ್ಣ, ಖಾರದಪುಡಿ ಏನೂ ಹಚ್ಚಬೇಡಿ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಮದ್ದಿಲ್ಲ, ಮೊದಲೇ ತೆಗೆದುಕೊಳ್ಳುವ ಚುಚ್ಚುಮದ್ದಷ್ಟೇ ದಾರಿ.

ಮಳೆ ಶುರುವಾದ ಮೇಲೆ ದಿನಾ ಉಣ್ಣಿ ನೋಡಿ. ಕಿವಿಯ ಒಳಗೆ, ಬೆರಳ ಸಂದಿಯಲ್ಲಿ, ಬಾಲದ ಬುಡದಲ್ಲಿ. ಉಣ್ಣಿಯಿಂದ ಬರುವ ಜ್ವರ ನಾಯಿಯ ರಕ್ತವನ್ನೇ ಕೆಡಿಸುತ್ತದೆ. ಊಟ ಬಿಟ್ಟು ಮಂಕಾಗಿ ಮಲಗಿದರೆ, ವಸಡು ಬಿಳಿಚಿದ್ದರೆ, ಮೂಗಿನಿಂದ ರಕ್ತ ಬಂದರೆ ತಡ ಮಾಡಬೇಡಿ.

ಏಳನೇ ತಿಂಗಳು: ಕಲಿಸಿದ್ದೆಲ್ಲ ಮರೆತಂತೆ ಕಾಣುವ ಕಾಲ

ಹೆಚ್ಚು ನಾಯಿಗಳು ಮನೆ ಕಳೆದುಕೊಳ್ಳುವುದು ಈ ವಯಸ್ಸಿನಲ್ಲಿ. ಮರಿಯ ಮುದ್ದು ಹೋಗಿರುತ್ತದೆ, ಮೈಗೆ ಬಲ ಬಂದಿರುತ್ತದೆ, ಕರೆದರೆ ಕೇಳಿಸದಂತೆ ನಿಂತಿರುತ್ತದೆ. ನಾಯಿ ಬಾಲ ಡೊಂಕೇ ಅಂತ ಹೇಳಿ ಕಟ್ಟಿಹಾಕುವವರು, ಊರಾಚೆ ಬಿಟ್ಟು ಬರುವವರು ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಹರೆಯ ಇದು, ಒಂದೂವರೆ ವರ್ಷದ ಹೊತ್ತಿಗೆ ಇಳಿಯುತ್ತದೆ. ಎರಡು ತಿಂಗಳ ಮರಿಗೆ ಕಲಿಸಿದ ಹಾಗೆ ಮತ್ತೆ ಮೊದಲ ಪಾಠದಿಂದ ಶುರು ಮಾಡಿ, ಈ ಸಲ ಬೇಗ ಕಲಿಯುತ್ತದೆ.

ಹೆಣ್ಣು ನಾಯಿ ಬೆದೆಗೆ ಬರುವುದೂ ಹೆಚ್ಚುಕಡಿಮೆ ಆಗಲೇ. ಸುಮಾರು ಮೂರು ವಾರ ಇರುತ್ತದೆ, ಅಷ್ಟು ದಿನ ಗೇಟಿನ ಮುಂದೆ ಗಂಡು ನಾಯಿಗಳ ಸಾಲು. ಆಪರೇಷನ್ ಯಾವಾಗ ಅಂತ ಡಾಕ್ಟರ್ ಹತ್ತಿರ ಆರನೇ ತಿಂಗಳಲ್ಲೇ ಮಾತಾಡಿ ಇಟ್ಟುಕೊಳ್ಳಿ. ಪಾಪ, ಒಂದು ಸಲವಾದರೂ ಮರಿ ಹಾಕಲಿ ಅನ್ನುವವರಿಗೆ ಮರಳಿನ ರಾಶಿ ತೋರಿಸಬೇಕು ಅನ್ನಿಸುತ್ತದೆ ನನಗೆ.

ಒಬ್ಬಳನ್ನೇ ಬಿಟ್ಟು ಹೋಗುವುದನ್ನೂ ಕಲಿಸಬೇಕು. ಒಂದು ನಿಮಿಷದಿಂದ ಶುರು ಮಾಡಿ. ಬೀಗದ ಕೈ ತೆಗೆದುಕೊಂಡು ಸುಮ್ನೆ ವಾಪಸ್ ಬಂದು ಕೂರಿ. ಆಮೇಲೆ ಬಾಗಿಲ ಆಚೆ ಒಂದು ನಿಮಿಷ, ಐದು, ಹದಿನೈದು. ಹೋಗುವಾಗ ತಬ್ಬಿ ಮುದ್ದಾಡುವುದು ಬೇಡ, ಬಂದಾಗಲೂ ದೊಡ್ಡ ಸಂಭ್ರಮ ಬೇಡ. ಎರಡನೆಯದು ನನ್ನಿಂದ ಇವತ್ತಿಗೂ ಪೂರ್ತಿ ಆಗುತ್ತಿಲ್ಲ. ಬೀದಿ ತಿರುವಿನಲ್ಲಿ ನನ್ನ ಸ್ಕೂಟರ್ ಸದ್ದು ಕೇಳಿದ ಕೂಡಲೇ ಅವಳು ಕಿಟಕಿಗೆ ಬರುತ್ತಾಳೆ. ಅದೇ ಕಂಪನಿಯ ಬೇರೆ ಸ್ಕೂಟರ್ ಬಂದರೆ ಏಳುವುದಿಲ್ಲ. ಎಂಥ ದಿನವಾದರೂ ಆ ಮುಖ ನೋಡಿದ ಮೇಲೆ ಮೈ ಹಗುರ ಆಗುತ್ತದೆ.

ಮೊದಲ ದೀಪಾವಳಿ

ಪಟಾಕಿ ಸದ್ದಿನ ತಯಾರಿ ಹಬ್ಬದ ದಿನ ಮಾಡಲು ಬರುವುದಿಲ್ಲ. ದಸರಾ ಮುಗಿಯುವ ಮೊದಲೇ ಶುರು ಮಾಡಿ. ಫೋನಿನಲ್ಲಿ ಪಟಾಕಿ ಸದ್ದನ್ನು, ನಿಮಗೇ ಕೇಳಿಸಿತೋ ಇಲ್ಲವೋ ಅನ್ನುವಷ್ಟು ಸಣ್ಣಗೆ ಹಾಕಿ, ಅದರ ಜೊತೆಗೆ ರಾತ್ರಿ ಊಟ ಕೊಡಿ. ಕಿವಿ ನಿಮಿರಿಸದೆ ಉಂಡರೆ ಮೂರು ದಿನದ ನಂತರ ಒಂದು ಗೆರೆ ಜಾಸ್ತಿ ಮಾಡಿ. ಊಟ ಬಿಟ್ಟು ಎದ್ದರೆ ಎರಡು ಗೆರೆ ಕಡಿಮೆ ಮಾಡಿ.

ಹಬ್ಬದ ಮೂರು ದಿನ ಬೆಳಿಗ್ಗೆ ದೂರ ನಡೆಸಿ, ಕತ್ತಲಾಗುವ ಮೊದಲೇ ಉಚ್ಚೆಗೆ ಬಿಟ್ಟು ಕರೆತನ್ನಿ. ಸದ್ದಿಗೆ ಬೆದರಿ ಹಗ್ಗ ಕಿತ್ತುಕೊಂಡು ಓಡಿದ ನಾಯಿಗಳು ಎಷ್ಟೋ. ಕೊರಳಪಟ್ಟಿಯಲ್ಲಿ ನಿಮ್ಮ ಫೋನ್ ನಂಬರ್ ಇರಲಿ. ಬೀದಿಗೆ ದೂರವಾದ ಕೋಣೆ ಆರಿಸಿ, ಕಿಟಕಿ ಮುಚ್ಚಿ, ಕಂಬಳಿ ನೇತುಹಾಕಿ, ಫ್ಯಾನ್ ಜೋರು ಮಾಡಿ, ಹಾಡು ಹಾಕಿ. ಮಂಚದ ಕೆಳಗೆ ಹೋದರೆ ಎಳೆಯಬೇಡಿ. ಹತ್ತಿರ ಬಂದು ಒರಗಿದರೆ ಸವರಿ, ತಬ್ಬಿಕೊಳ್ಳಿ. ಸಮಾಧಾನ ಮಾಡಿದರೆ ಹೆದರಿಕೆ ಜಾಸ್ತಿ ಆಗುತ್ತದೆ ಅನ್ನುವುದು ತಪ್ಪು. ಹೆದರಿಕೆ ಬೇಕು ಅಂತ ಮಾಡುವ ಕೆಲಸ ಅಲ್ಲ, ಸಮಾಧಾನದಿಂದ ಅದು ಬೆಳೆಯುವುದಿಲ್ಲ. ವಿಪರೀತ ನಡುಗುವ ನಾಯಿಯಾದರೆ ಎರಡು ವಾರ ಮುಂಚೆಯೇ ಡಾಕ್ಟರ್ ಹತ್ತಿರ ಕೇಳಿ, ಅದಕ್ಕೆ ಮಾತ್ರೆಗಳಿವೆ. ಮನುಷ್ಯರ ನಿದ್ದೆ ಮಾತ್ರೆ ಕೊಡಬೇಡಿ.

ನರಕ ಚತುರ್ದಶಿ ರಾತ್ರಿ ನಾವು ಮೂವರೂ ಸರದಿ ಪ್ರಕಾರ ಒಳಕೋಣೆಯಲ್ಲಿ ಕೂತೆವು. ಹತ್ತು ಗಂಟೆಗೆ ದೊಡ್ಡದೊಂದು ಸರ ಸಿಡಿದಾಗ ಕೆಂಚಿ ಎದ್ದು ನಡುಗಿದಳು. ಆಗ ಸರದಿ ಅತ್ತೆಯದ್ದು. ಅವರು ಸೆರಗು ಅವಳ ಮೇಲೆ ಹೊದಿಸಿ, ಬೆನ್ನು ಸವರುತ್ತಾ ವಿಷ್ಣು ಸಹಸ್ರನಾಮ ಹೇಳುತ್ತಾ ಕೂತಿದ್ದರು. ಹನ್ನೊಂದೂವರೆಗೆ ನಾನು ಬಾಗಿಲು ತೆರೆದು ನೋಡಿದಾಗ ಕೆಂಚಿ ನಿದ್ದೆ ಮಾಡುತ್ತಿದ್ದಳು. "ಲೈಟ್ ಹಾಕಬೇಡ, ಈಗ ಮಲಗಿದೆ ಮಗು" ಅಂದರು.